ಜಾಲತಾಣವೆಂಬ ಬಾಡಿಗೆ ಮನೆ



ನಮ್ಮ ಕೂಟದ ಜಾಲತಾಣವನ್ನು ನೋಡಿಕೊಳ್ಳುವ ಕೆಲಸ ಇನ್ನು ಮುಂದೆ ಹೊಸಬರ ಕೈಗೆ ಹೋಗುತ್ತಿದೆ. ಇಷ್ಟು ವರ್ಷ ನಾನು ಮಾಡಿದ್ದನ್ನು, ಕೆಡಿಸಿದ್ದನ್ನೂ ಸೇರಿಸಿ, ಒಂದು ಪಾಠದಂತೆ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಮಕ್ಕಳ ಕನ್ನಡ ಶಾಲೆಗೋ ಸ್ವಂತ ಬರಹಗಳಿಗೋ ಸೈಟು ಮಾಡಬೇಕೆಂದಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಒಂದು ಗೊಂದಲ ಬಿಡಿಸೋಣ. ಸೈಟು ಎಂದರೆ ಎರಡು ಬೇರೆ ಬೇರೆ ಬಾಡಿಗೆಗಳು. ಡೊಮೈನ್ ಎಂದರೆ ವಿಳಾಸ, ಹೋಸ್ಟಿಂಗ್ ಎಂದರೆ ಮನೆ. ವಿಳಾಸವನ್ನು ರಿಜಿಸ್ಟ್ರಾರ್ ಎಂಬವರಿಂದ ವರ್ಷದ ಲೆಕ್ಕದಲ್ಲಿ ಪಡೆಯುತ್ತೇವೆ. ಕಡತಗಳು ಇರುವುದು ಹೋಸ್ಟಿಂಗ್‌ನವರ ಸರ್ವರ್‌ನಲ್ಲಿ. ಹೋಸ್ಟಿಂಗ್‌ನವರು ಕೊಡುವ ನೇಮ್‌ಸರ್ವರ್ ಹೆಸರುಗಳನ್ನು ರಿಜಿಸ್ಟ್ರಾರ್ ಖಾತೆಯಲ್ಲಿ ತುಂಬಿದರೆ ಎರಡಕ್ಕೂ ನಂಟು ಕೂಡುತ್ತದೆ. ಈ ಸುದ್ದಿ ಲೋಕಕ್ಕೆಲ್ಲ ಮುಟ್ಟಲು ಕೆಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನ ಹಿಡಿಯುತ್ತದೆ. ನಿಮಗೆ ಹೊಸ ಸೈಟು ಕಾಣುತ್ತಿದ್ದು, ಬೆಂಗಳೂರಿನ ಅಣ್ಣನಿಗೆ ಹಳೆಯದೇ ಕಾಣುತ್ತಿದ್ದರೆ ಗಾಬರಿ ಬೇಡ.

ಈ ಎರಡು ಖಾತೆಗಳು ಯಾರ ಹೆಸರಿನಲ್ಲಿವೆ ಎಂಬುದು ಮುಖ್ಯ. ನಮ್ಮ ಡೊಮೈನ್ ಒಬ್ಬ ಉತ್ಸಾಹಿ ಗೆಳೆಯರ ಕಚೇರಿಯ ಇಮೇಲ್‌ನಲ್ಲಿತ್ತು. ಅವರು ಕೆಲಸ ಬದಲಿಸಿದರು, ನವೀಕರಿಸಿ ಎಂಬ ಜ್ಞಾಪನ ಪತ್ರಗಳು ಯಾರೂ ತೆರೆಯದ ಪೆಟ್ಟಿಗೆ ಸೇರಿದವು. 2014ರ ಅಕ್ಟೋಬರಿನಲ್ಲಿ, ರಾಜ್ಯೋತ್ಸವದ ಟಿಕೆಟ್ ಮಾರಾಟದ ನಡುವೆಯೇ, ಸೈಟು ಮಾಯ! ಡಾಟ್ ಕಾಂ, ಡಾಟ್ ಆರ್ಗ್ ವಿಳಾಸಗಳನ್ನು ರಿಜಿಸ್ಟ್ರಾರ್ ಅಳಿಸಿದ ಮೇಲೂ 30 ದಿನ ದಂಡ ತೆತ್ತು ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಕಳೆದರೆ ಯಾರು ಬೇಕಾದರೂ ಕೊಂಡುಕೊಳ್ಳಬಹುದು. ನಾವು ದಂಡ ತೆತ್ತೆವು ಅನ್ನಿ. ಅಂದಿನಿಂದ ಖಾತೆ ಕೂಟದ ಇಮೇಲ್‌ನಲ್ಲಿದೆ. ಆದರೆ ಆ ಇಮೇಲ್ ಅದೇ ಡೊಮೈನ್‌ನದಾಗಿರಬಾರದು. ಡೊಮೈನ್ ನಿಂತರೆ ಅದೂ ನಿಲ್ಲುತ್ತದೆ, ಮನೆಗೆ ಬೀಗ ಬಿದ್ದಾಗ ಬೀಗದ ಕೈ ಒಳಗೇ ಉಳಿದ ಹಾಗೆ.

ಹೋಸ್ಟಿಂಗ್ ಖಾತೆಯ ಒಳಗಿನ ಕೆಲಸ ಅಷ್ಟೇನೂ ಕಷ್ಟವಲ್ಲ. ಸಿ-ಪ್ಯಾನೆಲ್ ಇದ್ದರೆ, ಲೋಕಕ್ಕೆ ಕಾಣಬೇಕಾದ ಕಡತಗಳೆಲ್ಲ ಪಬ್ಲಿಕ್ ಎಚ್‌ಟಿಎಂಎಲ್ ಎಂಬ ಫೋಲ್ಡರಿನಲ್ಲಿರಬೇಕು. ಸದಸ್ಯರ ಫೋನ್ ನಂಬರುಗಳ ಪಟ್ಟಿಯನ್ನು ಅಲ್ಲಿ ಇಡಬೇಡಿ. ವರ್ಡ್‌ಪ್ರೆಸ್ ಹಾಕಿದ್ದರೆ ಅದನ್ನೂ ಅದರ ಪ್ಲಗಿನ್‌ಗಳನ್ನೂ ಆಗಾಗ ನವೀಕರಿಸಿ. ಅಷ್ಟು ಸಾಕು.

ನನ್ನ ಕೈ ಸುಟ್ಟಿದ್ದು ಡೇಟಾಬೇಸಿನಲ್ಲಿ. ಚಿತ್ರಗಳು ಫೋಲ್ಡರಿನಲ್ಲಿದ್ದರೂ ಲೇಖನಗಳ ಪಠ್ಯ ಇರುವುದು ಡೇಟಾಬೇಸಿನಲ್ಲಿ, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ನಕಲು ಮಾಡಿಕೊಳ್ಳಬೇಕು. ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. "ಕನ್ನಡ" ಎಂಬ ಪದ ನಮಗೆ ಮೂರಕ್ಷರ, ಗಣಕಕ್ಕೆ ಒತ್ತನ್ನು ಬಿಡಿಸಿ ಐದು ಸಂಕೇತ, 15 ಬೈಟ್. ಮೈಎಸ್‌ಕ್ಯೂಎಲ್ ಡೇಟಾಬೇಸ್ ಮಾತ್ರ 2018ರಲ್ಲಿ 8.0 ಆವೃತ್ತಿ ಬರುವವರೆಗೂ, ನಾವು ಬೇರೆ ಹೇಳದಿದ್ದರೆ, ಲ್ಯಾಟಿನ್-1 ಎಂಬ ಯುರೋಪಿನ ಲಿಪಿಪಟ್ಟಿಯನ್ನೇ ಹಿಡಿಯುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ.

2015ರಲ್ಲಿ ಅಗ್ಗದ ಹೋಸ್ಟಿಂಗ್ ಸಿಕ್ಕಿತೆಂದು ಸೈಟನ್ನು ಬದಲಾಯಿಸಿದೆ. ಹೊಸ ಜಾಗದ ಕೋಷ್ಟಕಗಳು ಲ್ಯಾಟಿನ್-1ರಲ್ಲಿದ್ದವು, ಗಮನಿಸದೆ ಪಠ್ಯ ತುಂಬಿದೆ. ಮುಖಪುಟದ ಇಂಗ್ಲಿಷ್ ಸರಿಯಾಗಿ ಕಂಡಿತು, ಚಿತ್ರಗಳು ಬಂದವು. ಖುಷಿಯಿಂದ ಹಳೆಯ ಖಾತೆ ಮುಚ್ಚಿಸಿದೆ. ವಾರದ ನಂತರ ಲೇಖನದ ಪುಟ ತೆರೆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು.

ಇಲ್ಲೊಂದು ವ್ಯತ್ಯಾಸ ಗೊತ್ತಿರಲಿ. ಕನ್ನಡದ ಬದಲು ತಲೆಯ ಮೇಲೆ ಗೆರೆ ಎಳೆದ ಇಂಗ್ಲಿಷ್ "ಎ", ಪಕ್ಕದಲ್ಲಿ ಮೇಲ್ಗಡೆ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಕಂಡರೆ ಹೆದರಬೇಡಿ. ಸಾಮಾನ್ಯವಾಗಿ ಬೈಟ್‌ಗಳು ಹಾಗೆಯೇ ಇರುತ್ತವೆ, ಓದುವ ರೀತಿ ತಪ್ಪಿರುತ್ತದೆ. ತಿದ್ದಲು ಹೋಗದೆ ತಿಳಿದವರನ್ನು ಕೇಳಿ. ಆದರೆ ಪ್ರಶ್ನಾರ್ಥಕ ಚಿಹ್ನೆಯೇ ಡೇಟಾಬೇಸಿನಲ್ಲಿ ಉಳಿದಿದ್ದರೆ ಆ ಅಕ್ಷರ ಅಲ್ಲಿಂದ ಹೋಯಿತು. ಮರಳಿ ಪಡೆಯುವ ದಾರಿ ಹಳೆಯ ನಕಲು ಒಂದೇ, ನನ್ನ ಬಳಿ ಅದಿರಲಿಲ್ಲ.

ಈಗ ತಿಂಗಳಿಗೊಮ್ಮೆ ನಕಲು ತೆಗೆದು ಇಬ್ಬರು ಬೇರೆ ಬೇರೆ ಮನೆಗಳಲ್ಲಿ ಇಡುತ್ತೇವೆ. ಡೇಟಾಬೇಸಿನ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಕನ್ನಡದ ಒಂದು ಪ್ಯಾರಾ ಕಣ್ಣಾರೆ ಓದಿದ ಮೇಲೆಯೇ ಅದು ನಕಲು ಎಂದು ಲೆಕ್ಕ. ಹೊಸ ಕೋಷ್ಟಕಕ್ಕೆ ಯುಟಿಎಫ್8-ಎಂಬಿ4 ಎಂದೇ ಆರಿಸಿ. ಹಳೆಯ ಖಾತೆಯನ್ನು ಒಂದು ತಿಂಗಳಾದರೂ ಇಟ್ಟುಕೊಳ್ಳಿ, ಆ ಹಣ ದಂಡವಲ್ಲ.

ಅಂದು ಹೋದ ಬರಹಗಳಲ್ಲಿ ನಮ್ಮ ಹಿರಿಯರೊಬ್ಬರ ನೆನಪಿನ ಲೇಖನಮಾಲೆಯೂ ಇತ್ತು. ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದಿಂದ ಹೊರಟು 1969ರಲ್ಲಿ ಈ ದೇಶಕ್ಕೆ ಬಂದ ಕಥೆ, ಹದಿನೆಂಟು ಕಂತು. ನೇರವಾಗಿ ಸೈಟಿನಲ್ಲೇ ಟೈಪ್ ಮಾಡುತ್ತಿದ್ದರು, ಪ್ರತಿ ಇರಲಿಲ್ಲ. ಅವರಿಗೆ ವಿಷಯ ಹೇಳಲು ಹೋದಾಗ, "ಇರಲಿ ಬಿಡಪ್ಪ, ಮತ್ತೆ ಬರೆದರಾಯಿತು" ಅಂದರು. ಬರೆಯಲಾಗಲಿಲ್ಲ, ಮರುವರ್ಷ ತೀರಿಕೊಂಡರು. ಆಗಿನ ವಾರ್ತಾಪತ್ರಗಳನ್ನು ಅಳಿಸದೆ ಇಟ್ಟುಕೊಂಡಿದ್ದ ಸದಸ್ಯರ ಇಮೇಲ್‌ಗಳಿಂದ ಹದಿನಾರು ಕಂತು ಸಿಕ್ಕಿವೆ. ಅವರ ಮೊಮ್ಮಗಳು ಈಗ ಕನ್ನಡ ಕಲಿತು ಅವನ್ನು ಓದುತ್ತಿದ್ದಾಳೆ. ಐದನೆಯದು ಮತ್ತು ಹದಿಮೂರನೆಯದು ಇನ್ನೂ ಸಿಕ್ಕಿಲ್ಲ. 2009ರಿಂದ 2011ರವರೆಗಿನ ನಮ್ಮ ವಾರ್ತಾಪತ್ರಗಳು ನಿಮ್ಮ ಹಳೆಯ ಇಮೇಲ್ ಖಾತೆಯಲ್ಲಿ ಇದ್ದರೆ ದಯವಿಟ್ಟು ಹುಡುಕಿ, ಈ ಪತ್ರಕ್ಕೇ ಉತ್ತರವಾಗಿ ಕಳಿಸಿ.