ಎಚ್ಚರವೇ ದಯೆಯ ಬೇರು

ವ್ರತವೆಂದರೆ ಉಪವಾಸವಷ್ಟೇ ಎಂದು ಎಣಿಸುವುದುಂಟು. ಆದರೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ, ಗುರುತಿಸಿದ್ದಾರೆ. ಎಚ್ಚರವಿಲ್ಲದೆ ಅಹಿಂಸೆಯಿಲ್ಲ.

ನೀರು ಸೋಸುವ ನಮ್ಮ ಆಚಾರವನ್ನೇ ನೋಡೋಣ. ಮಡಿಸಿದ ದಪ್ಪ ಬಟ್ಟೆಯಲ್ಲಿ ನೀರನ್ನು ನಿಧಾನವಾಗಿ ಸೋಸುವುದು ಎಚ್ಚರ. ಬಟ್ಟೆಯಲ್ಲಿ ಉಳಿದ ತ್ರಸಜೀವಿಗಳ ನೆಲೆ ಯಾವುದೆಂದು ಅರಿಯುವುದು ವಿವೇಕ. ನಂಜನಗೂಡಿನ ಕಪಿಲೆಯಿಂದ ತಂದ ಜೀವ ಕಪಿಲೆಗೇ ಮರಳಬೇಕು, ಹಿತ್ತಲ ಬಾವಿಗಲ್ಲ. ಬೇರೆ ನೀರು ಅದಕ್ಕೆ ಬಾಧೆಯಾದೀತೆಂಬ ಮರುಕ ಅನುಕಂಪೆ. ನಡೆದುಹೋಗಿ ಅದನ್ನು ನೀರಿಗೆ ಬಿಡುವ ಶ್ರಮ ಉಪಕಾರ. ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಸೇರುವಂತೆ ಜ್ಞಾನವು ದಯೆಯನ್ನು ಸೇರಬೇಕು.

ಕಣ್ಣಿಗೆ ಕಾಣದ ಜೀವಕ್ಕೆ ಮಿಡಿಯುವ ನಾವು ಕಣ್ಣೆದುರಿನವರನ್ನು ಮರೆಯಬಾರದು. 2019ರ ಆಗಸ್ಟಿನಲ್ಲಿ, ಚಾತುರ್ಮಾಸದ ನಡುವೆ, ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅಂಥ ದಿನಗಳಲ್ಲಿ ತಾನು ಊಟ ಬಿಟ್ಟವನು ನೆಲೆ ತಪ್ಪಿದವರ ಊಟವನ್ನು ನೆನೆಯದಿದ್ದರೆ ಅವನ ವ್ರತ ಬರಿಯ ಹಸಿವು. ಮನೆಯೊಳಗೂ ಹಾಗೆಯೇ: ತಾನೂ ಉಪವಾಸವಿದ್ದು ಎಲ್ಲರ ಪಾರಣೆಗೆ ಅಡಿಗೆ ಮಾಡುವ ಸೊಸೆಯ ಬಳಲಿಕೆ ಅತ್ತೆಯ ಕಣ್ಣಿಗೆ ಬೀಳಬೇಕು.

ಆರು ಬಾಹ್ಯ ತಪಗಳಲ್ಲಿ ಅನಶನ ಮೊದಲನೆಯದು. ಆರು ಅಭ್ಯಂತರ ತಪಗಳಲ್ಲಿ ತ್ಯಾಗಿಗಳ ಸೇವೆಯಾದ ವೈಯಾವೃತ್ಯವೂ ಒಂದು. ಆ ಸೇವಾಭಾವದ ಅಭ್ಯಾಸ ಶ್ರಾವಕರ ಮನೆಯಲ್ಲಿಯೇ ಮೊದಲಾಗಲಿ. ಮುಂದಿನ ಅಷ್ಟಮಿಯಂದು ಉಪವಾಸದ ಸಂಕಲ್ಪದೊಡನೆ, ಒಬ್ಬರ ಭಾರವನ್ನಾದರೂ ಹಗುರಗೊಳಿಸುವ ಸಂಕಲ್ಪವನ್ನೂ ಕೈಗೊಳ್ಳೋಣ.