ಕಣದ ಆರೈಕೆ: ಕುಯ್ಲಿನ ಹಿಂದಿನ ದಿನದ ಕೆಲಸವಲ್ಲ



ಗೊಬ್ಬರ, ಔಷಧಿ, ನೆರಳು, ಕಸಿ ಎಂದು ವರ್ಷವಿಡೀ ತೋಟದ ಚಿಂತೆ ಮಾಡುವ ನಾವು, ಬೆಳೆದದ್ದೆಲ್ಲ ಕೊನೆಗೆ ಬಂದು ಬೀಳುವ ಕಣದ ಚಿಂತೆ ಮಾಡುವುದು ಮಾತ್ರ ಕುಯ್ಲಿನ ಹಿಂದಿನ ದಿನ. ಈ ಮಾತಿಗೆ ನಾನೂ ಹೊರತಾಗಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ, ನಮ್ಮಲ್ಲಿ ಬಹುಕಾಲದಿಂದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬರು ಹುಲ್ಲಿನ ಹೊರೆ ಹೊತ್ತು ಕಣ ದಾಟುವಾಗ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. "ನೋಡಿಕೊಂಡು ನಡೆಯಬಾರದೇನಮ್ಮ" ಎಂದುಬಿಟ್ಟೆ. ಆಕೆ ನೋವಿನಲ್ಲೇ, "ಏನು ನೋಡೋದು ಅಯ್ಯಾ, ಕಣ ಪೂರ್ತಿ ಪಾಚಿ" ಎಂದರು. ನಾನು ಸುಮ್ಮನಾದೆ. ಅದೇ ವರ್ಷ ಫೆಬ್ರವರಿಯಲ್ಲಿ ಕಾಫಿ ಕೊಳ್ಳಲು ಬಂದವರು ಒಂದು ಹಿಡಿ ಬೀಜ ಮೂಸಿ "ಮುಗ್ಗಲು" ಎಂದು ಬೆಲೆ ಮುರಿದಿದ್ದರು. ಎರಡಕ್ಕೂ ಕಾರಣ ಹುಡುಕಿದಾಗ ಸಿಕ್ಕಿದ್ದು ಕಣದ ಒಂದೇ ಮೂಲೆ. ಅಲ್ಲಿ ಸಿಮೆಂಟು ತಗ್ಗಿ ನೀರು ನಿಲ್ಲುತ್ತಿತ್ತು.

ಪಾಚಿ ಏಕೆ ಕಟ್ಟುತ್ತದೆ?

ಮಳೆ ಎಲ್ಲರ ಕಣಕ್ಕೂ ಬೀಳುತ್ತದೆ, ಆದರೆ ಪಾಚಿ ಎಲ್ಲ ಕಣದಲ್ಲೂ ಒಂದೇ ಸಮ ಕಟ್ಟುವುದಿಲ್ಲ. ಪಾಚಿಗೆ ಬೇಕಾದದ್ದು ಮೂರು: ನಿಂತ ನೀರು, ನೆರಳು ಮತ್ತು ಕೊಳೆತ ಎಲೆ, ಮಣ್ಣಿನ ತೆಳು ಪದರ. ಈ ಮೂರನ್ನು ತಪ್ಪಿಸಿದರೆ ಉಳಿದದ್ದು ಪೊರಕೆಯ ಕೆಲಸ. ತಪ್ಪಿಸದಿದ್ದರೆ ಯಾವ ಔಷಧಿ ಸುರಿದರೂ ಮುಂದಿನ ಆಷಾಢಕ್ಕೆ ಪಾಚಿ ಮತ್ತೆ ಹಾಜರು.

ಕಣಕ್ಕೆ ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಇರಬೇಕು. ಮೂವತ್ತು ಅಡಿಯ ಕಣಕ್ಕೆ ಮೂರೂವರೆ ಅಂಗುಲ ಎಂದಾಯಿತು. ಮೇಲಿನ ಗುಡ್ಡದ ನೀರು ಕಣದ ಮೇಲೆ ಹರಿಯದಂತೆ ಮೇಲ್ಬದಿಯಲ್ಲಿ ಚರಂಡಿ ಬೇಕು. ಸೂರಿನ ನೀರು ಒಂದೇ ಸಾಲಿನಲ್ಲಿ ಬಿದ್ದು ಸಿಮೆಂಟು ಕೊರೆಯುತ್ತಿದ್ದರೆ ದೋಣಿ ಕಟ್ಟಿಸಬೇಕು. ಕಣಕ್ಕೆ ಬಾಗಿದ ಕೊಂಬೆಗಳನ್ನು ಮಳೆಗೆ ಮೊದಲೇ ಕಡಿಯಬೇಕು.

ಕಾಫಿಗೂ ಅಡಿಕೆಗೂ ಏನು ಕೆಡುಕು?

ಕಾಫಿಯನ್ನು ಶೇಕಡಾ 10ರಿಂದ 11ರ ತೇವಾಂಶಕ್ಕೆ ತರಬೇಕು. ತೇವ ಹಿಡಿದ ಬಿರುಕು, ತಗ್ಗುಗಳಲ್ಲಿ ಸೇರಿದ ಹಣ್ಣು ಒಣಗದೆ ಬೂಷ್ಟು ಹಿಡಿಯುತ್ತದೆ. ಹೋದ ವರ್ಷದ ಕೊಳೆತ ಬೀಜವೂ ಅಲ್ಲೇ ಕೂತಿರುತ್ತದೆ. ಅಂಥ ಒಂದು ಬುಟ್ಟಿ ಇಡೀ ರಾಶಿಗೆ ವಾಸನೆ ಹತ್ತಿಸಬಲ್ಲದು. ವಾಸನೆಯ ಮಾತಷ್ಟೇ ಅಲ್ಲ. ಕೆಲವು ಬೂಷ್ಟುಗಳು ಆಕ್ರಟಾಕ್ಸಿನ್ ಎಂಬ ವಿಷ ಉತ್ಪಾದಿಸುತ್ತವೆ. ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಐರೋಪ್ಯ ಒಕ್ಕೂಟವು 2023ರ ಜನವರಿಯಿಂದ ಕಿಲೋಗೆ 5 ಮೈಕ್ರೊಗ್ರಾಂನಿಂದ 3ಕ್ಕೆ ಇಳಿಸಿದೆ.

ಚಾಲಿ ಅಡಿಕೆ ಸುಮಾರು ನಲವತ್ತು ದಿನ ಅಂಗಳದಲ್ಲೇ ಇರುತ್ತದೆ. ಅಡಿಯಿಂದ ತೇವ ಏರಿದರೆ ಸಿಪ್ಪೆಯೊಳಗೇ ಬೂಷ್ಟು ಬಂದು ಬಣ್ಣ ಕೆಡುತ್ತದೆ, ಸುಲಿದಾಗಲೇ ಗೊತ್ತಾಗುವುದು. ಕೆಂಪಡಿಕೆಯಂತೂ ಸುಲಿದು ಬೇಯಿಸಿದ ಮಾಲು, ಕೊಳೆ ನೇರವಾಗಿ ಅಂಟುತ್ತದೆ. ಟಾರ್ಪಾಲು ಹಾಸಿದರೆ ಸಾಕು ಎಂಬುವರು, ಒದ್ದೆ ಕಣದ ಮೇಲೆ ಹಾಸಿದ ಟಾರ್ಪಾಲನ್ನು ಬೆಳಿಗ್ಗೆ ಎತ್ತಿ ನೋಡಲಿ.

ತೊಳೆಯುವ ಕ್ರಮ

ಮಳೆ ಹಿಂದೆ ಸರಿದ ಕೂಡಲೇ, ಪಾಚಿ ಇನ್ನೂ ಹಸಿಯಾಗಿರುವಾಗ ಕೈಹಾಕಿರಿ. ಒಣಗಿ ಕಪ್ಪಾಗಿ ಕಚ್ಚಿಕೊಂಡ ಮೇಲೆ ಕೆಲಸ ಇಮ್ಮಡಿಯಾಗುತ್ತದೆ.

1. ಮೊದಲು ಎಲೆ, ಮಣ್ಣನ್ನು ಒಣದಾಗಿಯೇ ಗುಡಿಸಿ ತೆಗೆಯಿರಿ. ಬಿರುಕಿನ ಹುಲ್ಲನ್ನು ಬೇರುಸಹಿತ ಕೀಳಿರಿ. ಕಳೆನಾಶಕ ಕಣಕ್ಕೆ ಬೇಡ.

2. ನೀರು ಹಾಯಿಸಿ ಅರ್ಧ ಗಂಟೆ ನೆನೆಯಲು ಬಿಟ್ಟು, ಗಟ್ಟಿ ಕಡ್ಡಿ ಪೊರಕೆ ಅಥವಾ ನಾರಿನ ಬ್ರಷ್ಷಿನಿಂದ ಮೇಲಿನಿಂದ ಇಳಿಜಾರಿನ ಕಡೆಗೆ ಉಜ್ಜಿರಿ. ಗುದ್ದಲಿಯಿಂದ ಕೆರೆಯಬೇಡಿ, ಕೆರೆದ ಗೀರಿನಲ್ಲೇ ಮುಂದಿನ ಪಾಚಿ ಬೇರೂರುತ್ತದೆ. ಪಂಪಿನ ರಭಸದ ನೀರನ್ನು ಒಂದೇ ಜಾಗಕ್ಕೆ ಹತ್ತಿರದಿಂದ ಹಿಡಿದರೂ ಇದೇ ಪಾಡು.

3. ಅದಕ್ಕೂ ಬಿಡದ ಕಪ್ಪು ಜಾಗಕ್ಕೆ ಮಾತ್ರ ಬ್ಲೀಚಿಂಗ್ ಪುಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ 300 ಗ್ರಾಂ ಕಲಸಿ, ತಿಳಿ ನೀರನ್ನು ಹಾಕಿ, ಹದಿನೈದು ನಿಮಿಷದ ನಂತರ ಉಜ್ಜಿ ಮೂರು ಬಾರಿ ತೊಳೆಯಿರಿ. ಕೈಗೆ ಗವಸು, ಮೂಗಿಗೆ ಬಟ್ಟೆ ಇರಲಿ. ತೊಳೆದ ನೀರು ಬಾವಿಗೆ, ಕೆರೆಗೆ ಹೋಗದಿರಲಿ. ಕಾಫಿ ಯಾವ ವಾಸನೆಯನ್ನಾದರೂ ಹೀರುತ್ತದೆ. ಆದ್ದರಿಂದ ಮಾಲು ಹರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಈ ಕೆಲಸ ಮುಗಿದಿರಬೇಕು. ಇದು ನಾನು ಪಾಲಿಸುವ ನಿಯಮ.

ಬೇಡವಾದ ಉಪಾಯಗಳು

ಆಸಿಡ್ ಸುರಿದರೆ ಕಣ ಬೆಳ್ಳಗಾಗುವುದು ನಿಜ. ಆದರೆ ಅದು ಸಿಮೆಂಟಿನ ಸುಣ್ಣವನ್ನೇ ಕರಗಿಸಿ ಮೇಲ್ಮೈ ತರಕಲಾಗಿಸುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ಡನ್ನಾಗಲಿ, ಕಕ್ಕಸು ತೊಳೆಯುವ ದ್ರಾವಣವನ್ನಾಗಲಿ ಎಂದೂ ಬೆರೆಸಬೇಡಿ. ಹೊರಬರುವ ಕ್ಲೋರಿನ್ ಅನಿಲ ಪ್ರಾಣಕ್ಕೆ ಅಪಾಯ. ಕೆಲಸದವರಿಗೂ ಇದನ್ನು ಬಾಯಿಬಿಟ್ಟು ಹೇಳಿರಿ. ಫಿನಾಯಿಲ್ ಕೂಡ ಕಣಕ್ಕೆ ಸಲ್ಲದು. ಉಳಿದ ಬೋರ್ಡೊ ದ್ರಾವಣವನ್ನು ಪಾಚಿಗೆಂದು ಚೆಲ್ಲುವವರಿದ್ದಾರೆ. ತಾಮ್ರದ ಅಂಶ ಮಾಲಿಗೆ ಬೇಕಿಲ್ಲ. ಮೈಲುತುತ್ತ, ಸುಣ್ಣ ಕಲಸುವ ಪೀಪಾಯಿಯನ್ನೇ ಕಣದಿಂದ ಹೊರಗಿಡಿ. ಜೀಪು, ಟಿಲ್ಲರು ನಿಲ್ಲಿಸಿ ಎಣ್ಣೆ ಸೋರಿದ್ದರೆ ಮರದ ಹೊಟ್ಟು ಅಥವಾ ಬೂದಿ ಹಾಕಿ ಹೀರಿಸಿ, ಆಮೇಲೆ ಸೋಪಿನ ನೀರಿನಿಂದ ತೊಳೆಯಿರಿ.

ಬಿರುಕು, ತಗ್ಗುಗಳ ರಿಪೇರಿ

ಒಳ್ಳೆಯ ಮಳೆ ನಿಂತ ಅರ್ಧ ಗಂಟೆಗೆ ಕಣಕ್ಕೆ ಒಂದು ಸುತ್ತು ಬನ್ನಿ. ಎಲ್ಲಿ ನೀರು ನಿಂತಿದೆಯೋ ಅದರ ಅಂಚಿಗೆ ಬಣ್ಣದಲ್ಲಿ ಗುರುತು ಹಾಕಿರಿ. ಬೇಸಿಗೆಯಲ್ಲಿ ಆ ಗುರುತೇ ಗಾರೆಯವನಿಗೆ ನಕ್ಷೆ. ತಗ್ಗಿನ ಮೇಲೆ ತೆಳ್ಳಗೆ ಸವರಿದ ಸಿಮೆಂಟು ಒಂದೇ ವರ್ಷಕ್ಕೆ ಹಪ್ಪಳದಂತೆ ಏಳುತ್ತದೆ. ಅಂಗುಲದಷ್ಟು ಆಳಕ್ಕೆ ಕೆತ್ತಿ, ಧೂಳು ತೆಗೆದು, ನೀರುಣಿಸಿ, ಸಿಮೆಂಟಿನ ತಿಳಿ ಹಚ್ಚಿ, ಒಂದಕ್ಕೆ ಮೂರು ಮರಳಿನ ಗಾರೆ ತುಂಬಬೇಕು. ಬಿರುಕನ್ನೂ ಅಗಲಿಸಿಯೇ ತುಂಬಬೇಕು. ನಂತರ ಏಳು ದಿನ ಒದ್ದೆ ಗೋಣಿ ಹೊದಿಸಿರಿ. ಕುಯ್ಲು ಬಾಗಿಲಿಗೆ ಬಂದಾಗ ಈ ಏಳು ದಿನ ಯಾರಿಗೂ ಸಿಗುವುದಿಲ್ಲ, ರಿಪೇರಿ ಕೆಡುವುದೂ ಅದಕ್ಕೇ. ಆದ್ದರಿಂದ ರಿಪೇರಿ ಕಣ ಖಾಲಿಯಾದ ಏಪ್ರಿಲ್‌ನಲ್ಲಿ, ತೊಳೆಯುವುದು ಮಳೆ ಮುಗಿದಾಗ.

ಮಳೆಗಾಲದ ಓಡಾಟ

ನಮ್ಮ ಹಿರಿಯರು ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ, ಅದರ ಮೇಲೆ ಓಡಾಡುತ್ತಿದ್ದರು. ಸಿಮೆಂಟು ಬಂದ ಮೇಲೆ ಅದನ್ನು ಕೈಬಿಟ್ಟೆವು. ಕೊಟ್ಟಿಗೆಗೆ, ಬಾವಿಗೆ ಹೋಗುವ ದಾರಿಯಲ್ಲಾದರೂ ದಬ್ಬೆ ಹಾಸಿರಿ. ದಬ್ಬೆಗೂ ಪಾಚಿ ಬರುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಉಜ್ಜಿ, ಕೊಳೆತದ್ದನ್ನು ಬದಲಿಸಿರಿ. ದಬ್ಬೆ ಇಲ್ಲದವರು ಎರಡಡಿ ಅಗಲದ ದಾರಿಯನ್ನು ವಾರವಾರ ಉಜ್ಜಿದರೂ ಸಾಕು, ಹದಿನೈದು ನಿಮಿಷದ ಕೆಲಸ.

ಆ ಮೂಲೆಯನ್ನು ಮರುವರ್ಷ ಏಪ್ರಿಲ್‌ನಲ್ಲಿ ಕೆತ್ತಿಸಿ ಸರಿಪಡಿಸಿದೆ. ಅದರ ಖರ್ಚು, ಹಿಂದಿನ ವರ್ಷ ಮುರಿದ ಬೆಲೆಯ ಮುಂದೆ ಏನೂ ಅಲ್ಲ. ಮುರಿದ ಕೈ ಕೂಡಿಕೊಂಡಿದೆ, ಆದರೆ ಆಕೆ ಈಗಲೂ ತುಂಬಿದ ಕೊಡವನ್ನು ಎಡಗೈಯಲ್ಲೇ ಎತ್ತುತ್ತಾರೆ. ಅದನ್ನು ಕಂಡಾಗಲೆಲ್ಲ ಪೊರಕೆಯ ನೆನಪಾಗುತ್ತದೆ. ಸದಸ್ಯರು ಈ ವಾರವೇ ತಮ್ಮ ಕಣಕ್ಕೊಂದು ಸುತ್ತು ಬರಬೇಕೆಂದು ವಿನಂತಿ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ