ಸಸ್ಪೆನ್ಸ್ ಖಾತೆಗೆ ಹಾಕಬೇಡ

ತಮ್ಮಾ, ಟ್ಯಾಲಿ ಲೆಕ್ಕದ ಫೈಲು ಓದುವ ನಿನ್ನ ಪೈಥಾನ್ ಸ್ಕ್ರಿಪ್ಟ್ ನಿಂತಿದೆಯೆಂದು ನಿನ್ನೆ ರಾತ್ರಿ ನೀ ಕಳಿಸಿದ ಫೋಟೊ ನೋಡಿದೆ. ಪರದೆಯ ಮೇಲಿದ್ದದ್ದೆಲ್ಲ ಬಂದಿದೆ, ಕೊನೆಯ ಸಾಲೊಂದೇ ಇಲ್ಲ. ಪೈಥಾನ್ ಬಾಯಿಬಿಟ್ಟು ಹೇಳುವುದು ಆ ಸಾಲಿನಲ್ಲೇ ನೋಡಪಾ.

ಜೇವರ್ಗಿಯ ಅಡತ್ ಅಂಗಡಿಯಲ್ಲಿ ತೊಗರಿ, ಹತ್ತಿಯ ಲೆಕ್ಕ ಬರೆಯುತ್ತ ತಲೆ ನರೆತವನು ನಾನು. ಕಿರ್ದಿ ಕೂಡದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು ಎಂದು ಹಳೆಯ ಮುನೀಮರು ಕಲಿಸಿದ್ದರು. ಶೇಷ ಉಳಿಯದಿದ್ದರೆ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು. 540 ಹೋಗಿ 450 ಆದರೆ ವ್ಯತ್ಯಾಸ 90. ತಪ್ಪು ತಾನೇ ತನ್ನ ವಿಳಾಸ ಹೇಳುತ್ತದೆ. ಪೈಥಾನ್ ಇನ್ನೂ ಉದಾರಿ. ಸಾಲು ಎಷ್ಟನೆಯದು, ಕಾಲಂ ಎಷ್ಟನೆಯದು ಎಂದು ಬರೆದೇ ಕೊಡುತ್ತದೆ. ಸಾಲು 1ರಿಂದ, ಕಾಲಂ ಮಾತ್ರ 0ಯಿಂದ ಎಣಿಸುತ್ತದೆ, ಅಷ್ಟು ನೆನಪಿಡು. ಸ್ಕ್ರಿಪ್ಟ್ ತಿದ್ದುವ ಮೊದಲು ಫೈಲನ್ನೇ ನೋಟ್‌ಪ್ಯಾಡಿನಲ್ಲಿ ತೆರೆದು ಅಲ್ಲಿಗೆ ಹೋಗು.

ಹೋದರೆ ಏನು ಕಾಣುತ್ತದೆಂದು ನನಗೆ ಈಗಲೇ ಗೊತ್ತು. ಟ್ಯಾಲಿಯಿಂದ ತೆಗೆದ ಎಕ್ಸ್‌ಎಂಎಲ್‌ನಲ್ಲಿ ‘ಪ್ರೈಮರಿ’ ಎಂಬ ಪದದ ಹಿಂದೆ  ಅಂಟಿಕೊಂಡಿರುತ್ತದೆ. ಅದು ಟ್ಯಾಲಿ ತನ್ನ ಗುರುತಿಗೆ ಇಟ್ಟುಕೊಂಡದ್ದು. 1998ರ ಎಕ್ಸ್‌ಎಂಎಲ್ ನಿಯಮದಲ್ಲಿ 32ಕ್ಕಿಂತ ಕೆಳಗಿನ ಸಂಕೇತಗಳಲ್ಲಿ 9, 10, 13 ಈ ಮೂರಕ್ಕೇ ಪ್ರವೇಶ. ನಾಲ್ಕು ಕಂಡ ಕೂಡಲೇ ಪೈಥಾನಿನ ಎಲಿಮೆಂಟ್‌ಟ್ರೀ ನಿಲ್ಲುತ್ತದೆ. ಫೈಲನ್ನು ಮೊದಲು ಬರೀ ಪಠ್ಯವಾಗಿ ಓದಿ, ಆ ನಾಲ್ಕು ಚಿಹ್ನೆ ತೆಗೆದುಹಾಕಿ, ಆಮೇಲೆ ಪಾರ್ಸ್ ಮಾಡು.

ಪಠ್ಯವಾಗಿ ಓದುವಾಗ ಇನ್ನೊಂದು ಕಲ್ಲನ್ನು ಎಡವುತ್ತೀ. ಆ ಫೈಲು ಸಾಮಾನ್ಯವಾಗಿ ಯುಟಿಎಫ್-16ರಲ್ಲಿ ಇರುತ್ತದೆ. ನೀನು ಯುಟಿಎಫ್-8 ಎಂದು ತೆರೆದರೆ ಮೊದಲ ಬೈಟಿಗೇ ತಕರಾರು. ಆಗ ನಿನ್ನಂಥ ಹುಡುಗರು ಏನು ಮಾಡುತ್ತೀರಿ? ‘ಎರರ್ಸ್ ಇಗ್ನೋರ್’ ಎಂದು ಸೇರಿಸುತ್ತೀರಿ. ಅದೂ ಸಾಲದಿದ್ದರೆ ಇಡೀ ಸ್ಕ್ರಿಪ್ಟಿಗೆ ‘ಟ್ರೈ–ಎಕ್ಸೆಪ್ಟ್’ ಸುತ್ತಿ, ಒಳಗೆ ‘ಪಾಸ್’ ಎಂದು ಬರೆದು ಮಲಗುತ್ತೀರಿ. ಹೀಗೇ ನಾನೂ ಒಮ್ಮೆ, ಸುಗ್ಗಿಯ ಅವಸರದಲ್ಲಿ, ಕೂಡದೆ ಉಳಿದ ರೊಕ್ಕವನ್ನು ಸಸ್ಪೆನ್ಸ್ ಖಾತೆಗೆ ಹಾಕಿದ್ದೆ. ಯುಗಾದಿಯ ಹೊತ್ತಿಗೆ ಆ ಖಾತೆಯಲ್ಲಿ ಹದಿನೇಳು ನಮೂದು ಇದ್ದವು, ಒಂದರ ಕಥೆಯೂ ನನಗೆ ನೆನಪಿರಲಿಲ್ಲ. ಮಾಲಕರು ಬೈಯಲಿಲ್ಲ. ಸುಮ್ಮನೆ ಎರಡು ದಿನ ಪಕ್ಕದಲ್ಲಿ ಕುಂತರು.

ಫೈಲು ಪಾರ್ಸ್ ಆದ ಮೇಲೆ ವೋಚರೇ ಸಿಗುತ್ತಿಲ್ಲ ಎಂದೀಯೆ. ‘ಫೈಂಡ್‌ಆಲ್’ಗೆ ಬರೀ ಟ್ಯಾಗಿನ ಹೆಸರು ಕೊಟ್ಟರೆ ಅದು ಬಾಗಿಲಲ್ಲಿ ನಿಂತವರನ್ನಷ್ಟೇ ಕರೆಯುತ್ತದೆ. ವೋಚರು ‘ಎನ್ವಲಪ್’ನಿಂದ ಐದು ಬಾಗಿಲು ಒಳಗೆ ಇರುತ್ತದೆ, ‘ಇಟರ್’ ಬಳಸು. ಆದರೆ ಮೊತ್ತಕ್ಕೆ ‘ಇಟರ್’ ಬೇಡ. ಬಿಲ್ಲುವಾರು ಹಂಚಿಕೆಯ ಒಳಗೂ ‘ಅಮೌಂಟ್’ ಇರುತ್ತದೆ, ಒಂದೇ ರೊಕ್ಕ ಎರಡು ಸಲ ಎಣಿಕೆಯಾಗುತ್ತದೆ. ಪ್ರತಿ ಖಾತೆ ನಮೂದಿನ ನೇರ ಮೊತ್ತವನ್ನಷ್ಟೇ ತಗೋ.

ಹಾಂ, ಸ್ಕ್ರಿಪ್ಟಿಗೆ ‘ಎಕ್ಸ್‌ಎಂಎಲ್ ಡಾಟ್ ಪಿವೈ’ ಎಂದು ಹೆಸರಿಟ್ಟಿದ್ದೀಯ. ಬದಲಿಸು. ಪೈಥಾನ್ ತನ್ನ ಗ್ರಂಥಾಲಯವೆಂದುಕೊಂಡು ನಿನ್ನ ಫೈಲನ್ನೇ ತೆರೆಯುತ್ತದೆ.

ಇಷ್ಟೆಲ್ಲ ಮಾಡಿ ಪಾವತಿ ವೋಚರುಗಳ ನಮೂದುಗಳನ್ನು ಕೂಡಿಸಿದಾಗ ಉತ್ತರ ಸೊನ್ನೆ ಬರುತ್ತದೆ. ಗಾಬರಿಯಾಗಬೇಡ. ಟ್ಯಾಲಿ ನಾವೆಯನ್ನು, ಅಂದರೆ ಡೆಬಿಟ್ಟನ್ನು, ಋಣ ಚಿಹ್ನೆಯಿಂದ, ಜಮೆಯನ್ನು ಧನವಾಗಿ ಬರೆಯುತ್ತದೆ. ನಾವೆ–ಜಮೆ ಕೂಡಿದರೆ ಸೊನ್ನೆಯೇ ಬರಬೇಕು. ಒಂದು ಪೈಸೆ ಉಳಿದರೂ ಸ್ಕ್ರಿಪ್ಟ್ ಏನೋ ನುಂಗಿದೆ ಎಂದರ್ಥ.

ಸೊನ್ನೆ ಬಂದ ದಿನ ಫೋನ್ ಮಾಡು. ಸಂಜೆ ಏಳರ ಮೇಲೆ ಮಾಡು, ಅದಕ್ಕೂ ಮೊದಲು ಅಂಗಡಿಯಲ್ಲಿ ಚೀಲ ಎಣಿಸುತ್ತಿರುತ್ತೇನೆ. ಬರದಿದ್ದರೆ ಫೋಟೊ ಕಳಿಸು, ಈ ಸಲ ಕೊನೆಯ ಸಾಲು ಸೇರಿಸಿ.

ನಿನ್ನ ಕಾಕಾ